ಗದ್ದಲದೊಳಗಿನ ಲೆಕ್ಕ: ಇಂಡೀ ರಾಕ್ ರಸಿಕರಿಗೊಂದು ಕೈಪಿಡಿ

ಭಾವಗೀತೆ, ಸಿನಿಮಾ ಹಾಡು, ಕಛೇರಿ ಸಂಗೀತ ಕೇಳಿ ಪಳಗಿದ ಕಿವಿಗೆ ಅಮೆರಿಕದ ಇಂಡೀ ರಾಕ್ ಮೊದಲ ಸಲ ಕಿರಿಕಿರಿ ಎನಿಸಿದರೆ ಕಿವಿಯ ತಪ್ಪೇನೂ ಇಲ್ಲ. ಹಾಡುವವನ ಶ್ರುತಿ ಅಲ್ಲಾಡುತ್ತದೆ, ಸಾಹಿತ್ಯ ತಿಳಿಯುವುದಿಲ್ಲ, ಗಿಟಾರ್ ಕಿರುಚುತ್ತದೆ. ರೆಕಾರ್ಡಿಂಗೋ, ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ಹಾಕಿಕೊಂಡು ನುಡಿಸುತ್ತಿದ್ದಾರೇನೋ ಎಂಬಂತಿರುತ್ತದೆ. ಹೀಗಿದ್ದೂ ನಲವತ್ತು ವರ್ಷಗಳಿಂದ ಜನ ಈ ರೆಕಾರ್ಡುಗಳನ್ನು ಬಿಡದೆ ಕೇಳುತ್ತಿದ್ದಾರೆ.

ಅದಕ್ಕೆ ನನಗೆ ತೋಚುವ ಕಾರಣ ಇಷ್ಟು: ಈ ಸಂಗೀತದೊಳಗೆ ಅದನ್ನು ಮಾಡಿದವರ ಬದುಕಿನ ಲೆಕ್ಕ ಕೇಳಿಸುತ್ತದೆ. ಕೈಯಲ್ಲಿ ಎಷ್ಟು ದುಡ್ಡಿತ್ತು, ಸ್ಟುಡಿಯೋ ಎಷ್ಟು ಹೊತ್ತು ಸಿಕ್ಕಿತು, ನಾಲ್ವರ ನಡುವೆ ಯಾರ ಮಾತು ನಡೆಯುತ್ತಿತ್ತು ಎಂಬುದೆಲ್ಲ ಸದ್ದಿನಲ್ಲಿ ಉಳಿದುಬಿಟ್ಟಿದೆ. ದೊಡ್ಡ ಕಂಪನಿಯ ರೆಕಾರ್ಡು ಈ ಗುರುತುಗಳನ್ನು ಒರೆಸಿ ಹಾಕುತ್ತದೆ. ಸ್ವಂತದ್ದೋ ಗೆಳೆಯರದ್ದೋ ಪುಟ್ಟ ಲೇಬಲ್ಲಿನಲ್ಲಿ ಬಂದ ಇಂಡೀ (ಇಂಡಿಪೆಂಡೆಂಟ್) ರೆಕಾರ್ಡು ಒರೆಸುವುದಿಲ್ಲ. ಒರೆಸಲು ಅದಕ್ಕೆ ದುಡ್ಡೂ ಇಲ್ಲ, ಮನಸ್ಸೂ ಇಲ್ಲ. ಆದ್ದರಿಂದ ಕಲಾವಿದರ ಬದುಕನ್ನು ಒಂದಿಷ್ಟು ತಿಳಿದುಕೊಂಡರೆ ಕಿವಿ ತಾನಾಗಿ ತೆರೆಯುತ್ತದೆ. 1980ರಿಂದ 90ರ ದಶಕದ ನಡುವಿನವರೆಗಿನ ಅಮೆರಿಕವನ್ನು ಮುಂದಿಟ್ಟುಕೊಂಡು, ಹೊಸಬರು ಸಾಮಾನ್ಯವಾಗಿ ಎತ್ತುವ ಆಕ್ಷೇಪಗಳನ್ನೇ ಒಂದೊಂದಾಗಿ ನೋಡೋಣ.

‘ರೆಕಾರ್ಡಿಂಗ್ ಯಾಕಿಷ್ಟು ಒರಟು?’

ಬಾಸ್ಟನ್ನಿನ ಪಿಕ್ಸೀಸ್ ತಂಡದ ‘ಸರ್ಫರ್ ರೋಸಾ’ (1988) ಹಚ್ಚಿ. ಮೊದಲ ಸಲ ಹಾಡನ್ನು ಬಿಟ್ಟುಬಿಡಿ, ಬರೀ ಡ್ರಮ್ ಕೇಳಿ. ಪೆಟ್ಟು ಬಿದ್ದ ಮೇಲೆ ಸದ್ದು ಗೋಡೆಗೆ ತಾಗಿ ಹಿಂತಿರುಗುವುದು ಗೊತ್ತಾಗುತ್ತದೆ. ಕೋಣೆ ಎಷ್ಟು ದೊಡ್ಡದೆಂದು ಊಹಿಸಲೂಬಹುದು. ಇದನ್ನು ರೆಕಾರ್ಡ್ ಮಾಡಿದವರು ಸ್ಟೀವ್ ಆಲ್ಬಿನಿ. ತಂಡದ ಬೇಸ್ ವಾದಕಿ ಕಿಮ್ ಡೀಲ್ ಅವರ ದನಿಗೆ ಯಂತ್ರದಿಂದ ಪ್ರತಿಧ್ವನಿ ಸೇರಿಸುವ ಬದಲು, ಸ್ಟುಡಿಯೋದ ಬಾತ್‌ರೂಮಿನಲ್ಲೇ ಮೈಕ್ ಇಟ್ಟು ಹಾಡಿಸಿದರು. ನಡುನಡುವೆ ಕಲಾವಿದರ ಹರಟೆಯ ತುಣುಕುಗಳನ್ನೂ ಹಾಗೇ ಬಿಟ್ಟರು.

ಆಲ್ಬಿನಿ ತಮ್ಮನ್ನು ಪ್ರೊಡ್ಯೂಸರ್ ಎಂದು ಕರೆಯಲು ಬಿಡುತ್ತಿರಲಿಲ್ಲ. ತಂಡ ನುಡಿಸಿದ್ದನ್ನು ಇದ್ದ ಹಾಗೆ ಹಿಡಿಯುವುದಷ್ಟೇ ತಮ್ಮ ಕೆಲಸ ಎನ್ನುತ್ತಿದ್ದರು. ರೆಕಾರ್ಡು ಎಷ್ಟೇ ಮಾರಾಟವಾಗಲಿ, ರಾಯಲ್ಟಿಯಲ್ಲಿ ಪಾಲು ಕೇಳುತ್ತಿರಲಿಲ್ಲ. ನಿರ್ವಾನಾದ ‘ಇನ್ ಯೂಟರೋ’ (1993) ಮಾಡುವ ಮುನ್ನ ಆ ತಂಡಕ್ಕೆ ಬರೆದ ಪತ್ರದಲ್ಲಿ, ನಲ್ಲಿ ರಿಪೇರಿಯವನಿಗೆ ಕೊಡುವ ಹಾಗೆ ಮಾಡಿದ ಕೆಲಸಕ್ಕೆ ತಕ್ಕ ಕೂಲಿ ಕೊಡಿ ಎಂದು ಕೇಳಿದ್ದರು. ಶಿಕಾಗೋದಲ್ಲಿ ತಾವೇ ಕಟ್ಟಿದ ಎಲೆಕ್ಟ್ರಿಕಲ್ ಆಡಿಯೋ ಸ್ಟುಡಿಯೋದಲ್ಲಿ ಹೆಸರಿಲ್ಲದ ತಂಡಗಳಿಗೂ ಅಷ್ಟೇ ಶ್ರದ್ಧೆಯಿಂದ ಕೆಲಸ ಮಾಡಿಕೊಟ್ಟರು. 2024ರ ಮೇ ತಿಂಗಳಲ್ಲಿ ತೀರಿಕೊಂಡಾಗ ಅವರಿಗೆ 61 ವರ್ಷ.

ಆಲ್ಬಿನಿಯವರ ಒರಟುತನ ಬೇಕೆಂದೇ ಆರಿಸಿಕೊಂಡದ್ದು. ಆದರೆ ಬೇರೆ ಎಷ್ಟೋ ಕಡೆ ಅದು ಜೇಬು ಹೇಳಿದ್ದು. ನಿರ್ವಾನಾದ ಮೊದಲ ಆಲ್ಬಮ್ ‘ಬ್ಲೀಚ್’ (1989) ರೆಕಾರ್ಡ್ ಮಾಡಲು ತಗುಲಿದ್ದು 606 ಡಾಲರ್ 17 ಸೆಂಟ್. ಆ ದುಡ್ಡನ್ನು ಕೊಟ್ಟವರು ತಂಡದ ಗೆಳೆಯ ಜೇಸನ್ ಎವರ್‌ಮನ್. ಒಂದು ಸ್ವರವನ್ನೂ ನುಡಿಸದಿದ್ದರೂ ಕೃತಜ್ಞತೆಗೆಂದು ಗಿಟಾರ್ ವಾದಕರ ಸಾಲಿನಲ್ಲಿ ಅವರ ಹೆಸರು ಹಾಕಿದರು. ಮಿನಿಯಾಪೊಲಿಸ್‌ನ ಹಸ್ಕರ್ ಡೂ ತಂಡ ‘ಝೆನ್ ಆರ್ಕೇಡ್’ (1984) ಎಂಬ ಜೋಡಿ ಆಲ್ಬಮ್ಮನ್ನು ಸುಮಾರು 3,200 ಡಾಲರಿನಲ್ಲಿ ಮುಗಿಸಿತು. ಬಹುಪಾಲು ಹಾಡುಗಳು ಮೊದಲ ಟೇಕ್‌ನಲ್ಲೇ ಓಕೆ ಆದವು. ಅದನ್ನು ಕೇಳುವಾಗ ಮೂವರೂ ಗಡಿಯಾರ ನೋಡಿಕೊಂಡು ನುಡಿಸುತ್ತಿರುವ ಆತುರ ತಿಳಿಯುತ್ತದೆ. ಹದಿಹರೆಯದ ಹುಡುಗನೊಬ್ಬ ಮನೆ ಬಿಟ್ಟು ಹೋಗುವ ಕತೆಗೆ ಆ ಆತುರ ಚೆನ್ನಾಗಿ ಒಗ್ಗಿಕೊಂಡಿದೆ.

‘ಇವರಿಗೆ ಹಾಡಲು ಬರುತ್ತದೆಯೇ?’

ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಕಾಲೇಜು ಊರಿನಲ್ಲಿ, ಪೂಜೆ ನಿಂತುಹೋದ ಚರ್ಚೊಂದರಲ್ಲಿ 1980ರ ಏಪ್ರಿಲ್ 5ರಂದು ಹುಟ್ಟುಹಬ್ಬದ ಪಾರ್ಟಿ ನಡೆಯಿತು. ಅಲ್ಲಿ ಮೊದಲ ಸಲ ನುಡಿಸಿದ ನಾಲ್ವರು ಮುಂದೆ ಆರ್.ಇ.ಎಮ್. ಎಂದು ಹೆಸರಾದರು. ಅವರ ‘ಮರ್ಮರ್’ (1983) ಆಲ್ಬಮ್ಮಿನಲ್ಲಿ ಮೈಕಲ್ ಸ್ಟೈಪ್ ಏನು ಹಾಡುತ್ತಿದ್ದಾರೆಂದು ಇಂಗ್ಲಿಷೇ ಮಾತೃಭಾಷೆಯಾದವರಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಆದ್ದರಿಂದ ಇಲ್ಲಿ ನೀವು ಯಾರಿಗೂ ಕಡಿಮೆಯಲ್ಲ, ಧೈರ್ಯವಾಗಿ ಕೇಳಿ.

ಗಮನಿಸಬೇಕಾದ್ದು ದನಿ ಎಲ್ಲಿ ಕೂತಿದೆ ಎಂಬುದನ್ನು. ನಮ್ಮ ಸಿನಿಮಾ ಹಾಡಿನಲ್ಲಿ ಗಾಯಕರು ಮುಂದೆ, ವಾದ್ಯಗಳು ಹಿಂದೆ. ‘ಮರ್ಮರ್’ನಲ್ಲಿ ದನಿ ವಾದ್ಯಗಳ ನಡುವೆ ಅಡಗಿದೆ. ಪೀಟರ್ ಬಕ್ ಅವರ ಗಿಟಾರ್ ಸ್ವರಗಳನ್ನು ಬಿಡಿಬಿಡಿಯಾಗಿ ಉದುರಿಸುತ್ತದೆ. ಎಷ್ಟೋ ಕಡೆ ರಾಗದ ಎಳೆ ಇರುವುದು ಮೈಕ್ ಮಿಲ್ಸ್ ಅವರ ಬೇಸ್ ಗಿಟಾರಿನಲ್ಲಿ. ಈ ತಂಡ ಹಾಡು ಯಾರೇ ಹೊಸೆದಿರಲಿ, ನಾಲ್ವರ ಹೆಸರನ್ನೂ ಹಾಕಿ ಸಂಭಾವನೆಯನ್ನು ಸಮವಾಗಿ ಹಂಚಿಕೊಳ್ಳುತ್ತಿತ್ತು. ಯಾರೂ ಮುಂದೆ ನುಗ್ಗದ ಆ ಒಪ್ಪಂದ ಸದ್ದಿನಲ್ಲೂ ಇದೆ.

ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದ ಡೇನಿಯಲ್ ಜಾನ್‌ಸ್ಟನ್ ಮತ್ತೊಂದು ತುದಿ. ಮೆಕ್‌ಡೊನಾಲ್ಡ್ಸ್‌ನಲ್ಲಿ ಕೆಲಸ ಮಾಡುತ್ತ, ಮನೆಯಲ್ಲಿ ಕ್ಯಾಸೆಟ್ ರೆಕಾರ್ಡರಿನಲ್ಲಿ ಹಾಡು ತುಂಬಿ ಸಿಕ್ಕವರಿಗೆಲ್ಲ ಹಂಚುತ್ತಿದ್ದರು. ಜೀವನವಿಡೀ ಮಾನಸಿಕ ಕಾಯಿಲೆಯೊಡನೆ ಹೆಣಗಿದವರು. ಸಣ್ಣ ಮಗುವಿನದೆನಿಸುವ ನಡುಗುವ ದನಿ, ಟೇಪಿನ ಗುಂಯ್‌ಗುಡುವಿಕೆ. ಅದರ ಒಳಗಿನ ರಾಗ ಮಾತ್ರ ಎಷ್ಟು ಗಟ್ಟಿಯೆಂದರೆ ದೊಡ್ಡ ದೊಡ್ಡ ಕಲಾವಿದರು ಅವರ ಹಾಡುಗಳನ್ನು ತಮ್ಮ ದನಿಯಲ್ಲಿ ಹಾಡಿದರು. ‘ಹಾಯ್, ಹೌ ಆರ್ ಯೂ’ (1983) ಕ್ಯಾಸೆಟ್ಟಿನ ಕಪ್ಪೆ ಚಿತ್ರವಿರುವ ಟೀ ಶರ್ಟನ್ನು ನಿರ್ವಾನಾದ ಗಾಯಕ ಕರ್ಟ್ ಕೊಬೇನ್ ಹಾಕಿಕೊಂಡ ಮೇಲಂತೂ ಅವರ ಹೆಸರು ಎಲ್ಲೆಡೆ ಹರಡಿತು.

ವಾಷಿಂಗ್‌ಟನ್ ರಾಜ್ಯದ ಒಲಿಂಪಿಯಾದ ಬಿಕಿನಿ ಕಿಲ್ ತಂಡದ ಕ್ಯಾಥ್ಲೀನ್ ಹ್ಯಾನಾ ಅವರದು ಇನ್ನೊಂದೇ ಬಗೆ. ಅಣಕಿಸುವ ಎಳೆಯ ದನಿಯಿಂದ ಒಂದೇ ಏಟಿಗೆ ಗುಡುಗಿಗೆ ಜಿಗಿಯುತ್ತಾರೆ. ರಾಕ್ ಕಾರ್ಯಕ್ರಮಗಳಲ್ಲಿ ವೇದಿಕೆಯ ಮುಂದಿನ ಜಾಗವನ್ನು ತಳ್ಳಾಡುವ ಗಂಡುಹುಡುಗರೇ ಹಿಡಿಯುತ್ತಿದ್ದ ಕಾಲವದು. ಹ್ಯಾನಾ ಹಾಡು ನಿಲ್ಲಿಸಿ ಹುಡುಗಿಯರನ್ನು ಮುಂದೆ ಕರೆದು ನಿಲ್ಲಿಸುತ್ತಿದ್ದರು. ಆ ದನಿ ಯಾರಿಗಾಗಿ ಅಷ್ಟು ಏರುತ್ತಿತ್ತು ಎಂದು ಗೊತ್ತಿದ್ದರೆ ಕೇಳುವ ಬಗೆಯೇ ಬದಲಾಗುತ್ತದೆ.

‘ಗಿಟಾರ್ ಯಾಕೆ ಹೀಗೆ ಅರಚುತ್ತದೆ?’

ನ್ಯೂಯಾರ್ಕಿನ ಸೋನಿಕ್ ಯೂತ್ ತಂಡದವರಿಗೆ ಆರಂಭದಲ್ಲಿ ಒಳ್ಳೆಯ ಗಿಟಾರ್ ಕೊಳ್ಳುವ ಶಕ್ತಿ ಇರಲಿಲ್ಲ. ಅಗ್ಗದ ಗಿಟಾರುಗಳು ಮಾಮೂಲಿ ಶ್ರುತಿಯಲ್ಲಿ ಚೆನ್ನಾಗಿ ನುಡಿಯುತ್ತಿರಲಿಲ್ಲ. ಆಗ ಥರ್ಸ್ಟನ್ ಮೂರ್ ಮತ್ತು ಲೀ ರಾನಾಲ್ಡೋ ಒಂದೊಂದು ಗಿಟಾರಿಗೂ ಅದು ಯಾವ ಶ್ರುತಿಗೆ ಒಪ್ಪುತ್ತದೋ ಆ ಶ್ರುತಿ ಕಟ್ಟಿದರು. ತಂತಿಗಳ ಕೆಳಗೆ ಡ್ರಮ್ ಕೋಲು ತುರುಕಿದರು, ಸ್ಕ್ರೂಡ್ರೈವರಿನಿಂದ ಉಜ್ಜಿದರು. ಹಾಡಿಗೊಂದು ಗಿಟಾರ್ ಎಂಬಂತಾಯಿತು. 1999ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರ ವಾದ್ಯಗಳಿದ್ದ ಲಾರಿಯೇ ಕಳವಾದಾಗ ವಾದ್ಯಗಳ ಜೊತೆ ಎಷ್ಟೋ ಹಾಡುಗಳನ್ನು ನುಡಿಸುವ ದಾರಿಯೂ ಹೋಯಿತು.

ಅವರ ‘ಡೇಡ್ರೀಮ್ ನೇಷನ್’ (1988) ಕೇಳುವಾಗ ಎರಡು ತಂತಿಗಳು ಹೆಚ್ಚುಕಡಿಮೆ ಒಂದೇ ಸ್ವರದಲ್ಲಿ, ಆದರೆ ಕೂದಲೆಳೆಯ ಅಂತರದಲ್ಲಿ ಕೂಡಿರುವ ಕಡೆಗಳನ್ನು ಹುಡುಕಿ. ಆ ಅಂತರದಿಂದ ಸದ್ದಿನಲ್ಲಿ ಅಲೆಯೊಂದು ಏಳುತ್ತದೆ. ಕಛೇರಿಯಲ್ಲಿ ಅಪಶ್ರುತಿ ಎಂದು ತಳ್ಳಿಹಾಕುವ ಆ ಅಲೆಯೇ ಇಲ್ಲಿನ ಸ್ವಾರಸ್ಯ. ಹಾಡು ಮೂರು ನಿಮಿಷಕ್ಕೆ ಮುಗಿಯಿತು ಎನ್ನುವಾಗ ಗಿಟಾರುಗಳು ದಾರಿ ಬಿಟ್ಟು ಗದ್ದಲದೊಳಗೆ ಇಳಿದು, ಸಾವಕಾಶವಾಗಿ ಮತ್ತೆ ಹಳೆಯ ರಿಫ್‌ಗೆ ಬಂದು ಸೇರುತ್ತವೆ. ಗದ್ದಲ ಬಂತೆಂದು ಮುಂದಿನ ಹಾಡಿಗೆ ಹಾರಬೇಡಿ, ಹಿಂತಿರುಗುವ ಕ್ಷಣಕ್ಕಾಗಿ ಕಾಯಿರಿ.

ಇನ್ನೊಂದು ತಂತ್ರವನ್ನೂ ಕಿವಿಗೆ ರೂಢಿಸಿಕೊಳ್ಳಿ: ಚರಣದಲ್ಲಿ ಬರೀ ಬೇಸ್ ಮತ್ತು ಡ್ರಮ್ ಮೆಲ್ಲಗೆ ನಡೆದು, ಪಲ್ಲವಿಗೆ ಎಲ್ಲ ಒಟ್ಟಿಗೆ ಎರಗುವುದು. ಪಿಕ್ಸೀಸ್‌ನ ‘ಡೂಲಿಟ್ಲ್’ (1989) ಇದರ ಪಾಠಶಾಲೆ. ನಿರ್ವಾನಾವನ್ನು ಮನೆಮಾತಾಗಿಸಿದ ಹಾಡನ್ನು ಬರೆಯುವಾಗ ಪಿಕ್ಸೀಸ್ ದಾರಿಯನ್ನೇ ಹಿಡಿದಿದ್ದೆನೆಂದು ಕೊಬೇನ್ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದರು.

‘ಕೂತು ಕೇಳುವಷ್ಟರಲ್ಲಿ ಮುಗಿದೇ ಹೋಯಿತಲ್ಲ!’

ಲಾಸ್ ಏಂಜಲಿಸ್ ಬಂದರಿನ ಸ್ಯಾನ್ ಪೆಡ್ರೋದ ಮಿನಿಟ್‌ಮೆನ್ ತಂಡದ ಹಾಡುಗಳು ಎಷ್ಟೋ ಸಲ ಎರಡು ನಿಮಿಷವನ್ನೂ ದಾಟುವುದಿಲ್ಲ. ‘ಡಬಲ್ ನಿಕಲ್ಸ್ ಆನ್ ದ ಡೈಮ್’ (1984) ಎಂಬ ಜೋಡಿ ಆಲ್ಬಮ್ಮಿನಲ್ಲಿ ನಲವತ್ತಕ್ಕೂ ಹೆಚ್ಚು ಹಾಡುಗಳಿವೆ. ತಮ್ಮದೇ ಲೇಬಲ್ಲಿನ ಹಸ್ಕರ್ ಡೂ ಗೆಳೆಯರು ಜೋಡಿ ಆಲ್ಬಮ್ ಮಾಡಿದ್ದಾರೆಂದು ತಿಳಿದು, ನಾವೇನು ಕಮ್ಮಿ ಎಂದು ಇವರೂ ಮತ್ತಷ್ಟು ಹಾಡು ಬರೆದು ಸೇರಿಸಿದರು.

ಗಿಟಾರಿನ ಡಿ. ಬೂನ್ ಮತ್ತು ಬೇಸ್‌ನ ಮೈಕ್ ವಾಟ್ ಚಿಕ್ಕಂದಿನ ಜೊತೆಗಾರರು, ದುಡಿಯುವ ವರ್ಗದ ಮನೆಯವರು. ಡ್ರಮ್ಸ್‌ಗೆ ಜಾರ್ಜ್ ಹರ್ಲಿ. ಸಾಮಾನ್ಯವಾಗಿ ರಾಕ್ ಗಿಟಾರ್ ದಪ್ಪ ಸದ್ದಿನಿಂದ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಬೂನ್ ಬೇಕೆಂದೇ ತಮ್ಮ ಗಿಟಾರನ್ನು ತೆಳ್ಳಗೆ, ಚುರುಕಾಗಿ ಇಟ್ಟುಕೊಂಡು ಕೆಳಗಿನ ಸ್ಥಾಯಿಯನ್ನೆಲ್ಲ ವಾಟ್‌ಗೆ ಬಿಟ್ಟುಕೊಟ್ಟರು. ಹೆಡ್‌ಫೋನಿನಲ್ಲಿ ಕೇಳಿದರೆ ಮೂರು ವಾದ್ಯಗಳೂ ಸರಿಸಮವಾಗಿ ಮಾತಾಡುವುದು ಗೊತ್ತಾಗುತ್ತದೆ. ಅವರ ರಾಜಕೀಯ ನಿಲುವೂ ಸಮಾನತೆಯದೇ, ವಾದ್ಯಗಳ ನಡುವೆಯೂ ಅದನ್ನೇ ಪಾಲಿಸಿದರು. ಕಡಿಮೆ ಖರ್ಚಿನಲ್ಲಿ ಸಂಗೀತ ನಡೆಸುವ ತಮ್ಮ ರೀತಿಗೆ ಅವರು ಇಟ್ಟುಕೊಂಡ ಹೆಸರು ‘ಜ್ಯಾಮ್ ಎಕಾನೊ’. ಸಾಮಾನನ್ನು ತಾವೇ ಹೊರುವುದು, ವ್ಯಾನನ್ನು ತಾವೇ ಓಡಿಸುವುದು, ಟೇಪು ಹಾಳಾಗದಂತೆ ಮೊದಲೇ ತಾಲೀಮು ಮಾಡಿಕೊಂಡು ಸ್ಟುಡಿಯೋಗೆ ಹೋಗುವುದು. ಹಾಡು ಪುಟ್ಟದಾಗಿದ್ದರೂ ಅದರಲ್ಲಿ ಒಂದು ಸ್ವರವೂ ದಂಡವಾಗುವುದಿಲ್ಲ. 1985ರ ಡಿಸೆಂಬರ್ 22ರಂದು ಅರಿಜೋನಾದಲ್ಲಿ ವ್ಯಾನ್ ಅಪಘಾತದಲ್ಲಿ ಬೂನ್ ತೀರಿಕೊಂಡರು. ಆಗ ಅವರಿಗೆ 27 ವರ್ಷ.

ಒಹಾಯೋದ ಡೇಟನ್‌ನಲ್ಲಿ ರಾಬರ್ಟ್ ಪೊಲಾರ್ಡ್ ಹಗಲು ನಾಲ್ಕನೇ ತರಗತಿಗೆ ಪಾಠ ಮಾಡುವ ಮೇಷ್ಟ್ರಾಗಿದ್ದರು. ಬಿಡುವಿನಲ್ಲಿ ಗೆಳೆಯರೊಡನೆ ಬೇಸ್‌ಮೆಂಟಿನಲ್ಲಿ ಕೂತು ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರಕ್ಕೆ ಹಾಡು ತುಂಬುತ್ತಿದ್ದರು. ಗೈಡೆಡ್ ಬೈ ವಾಯ್ಸಸ್ ಎಂಬ ಅವರ ತಂಡದ ‘ಬೀ ಥೌಸಂಡ್’ (1994) ಹೆಸರು ತಂದಾಗ ಅವರಿಗೆ ವಯಸ್ಸು 36. ಅದರಲ್ಲಿ ಹಾಡುಗಳು ಅರ್ಧಕ್ಕೇ ಕತ್ತರಿಸಿದ ಹಾಗೆ ನಿಲ್ಲುತ್ತವೆ, ಗಿಟಾರ್ ಎಲ್ಲೋ ಒಂದು ಕಡೆ ಕಾಣೆಯಾಗುತ್ತದೆ. ಒಳ್ಳೆಯ ಪಲ್ಲವಿಯೊಂದು ಬಂದು ಹೋದ ಮೇಲೆ ಅದನ್ನು ಮತ್ತೆ ಮತ್ತೆ ಎಳೆಯುವ ಗೊಡವೆಗೆ ಪೊಲಾರ್ಡ್ ಹೋಗುವುದಿಲ್ಲ, ಮುಂದಿನದಕ್ಕೆ ಹೊರಟುಬಿಡುತ್ತಾರೆ.

ವ್ಯಾನಿನ ಬದುಕು

ಯಕ್ಷಗಾನ ಮೇಳದ ತಿರುಗಾಟ ಕಂಡವರಿಗೆ ಈ ಭಾಗ ಬೇಗ ಅರ್ಥವಾದೀತು: ರಾತ್ರಿಗೊಂದು ಊರು, ಹಗಲೆಲ್ಲ ಪ್ರಯಾಣ, ಸಿಕ್ಕಲ್ಲಿ ನಿದ್ದೆ. ಆದರೆ ಇವರ ಬೆನ್ನಿಗೆ ದೇವಸ್ಥಾನವಿಲ್ಲ, ಯಜಮಾನರಿಲ್ಲ, ಹರಕೆ ಹೊತ್ತವರಿಲ್ಲ. ಯಾವ ಊರಿನಲ್ಲಿ ಯಾವ ಹಾಲ್ ಸಿಗುತ್ತದೆ, ಯಾವ ಕಾಲೇಜು ರೇಡಿಯೋ ಹಾಡು ಹಾಕುತ್ತದೆ, ಯಾರ ಮನೆಯ ನೆಲದ ಮೇಲೆ ಮಲಗಬಹುದು ಎಂಬ ಮಾಹಿತಿ ತಂಡದಿಂದ ತಂಡಕ್ಕೆ ಬಾಯಿಂದ ಬಾಯಿಗೆ ಹೋಗುತ್ತಿತ್ತು. ಈ ದಾರಿಗಳನ್ನು ತುಳಿದು ಸವೆಸಿದವರಲ್ಲಿ ಮೊದಲಿಗರು ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಫ್ಲ್ಯಾಗ್. ಅದರ ಗ್ರೆಗ್ ಗಿನ್ ಹುಡುಗನಾಗಿದ್ದಾಗ ಹ್ಯಾಮ್ ರೇಡಿಯೋ ಸಾಮಾನು ಮಾರಲು ಇಟ್ಟುಕೊಂಡಿದ್ದ ಎಸ್‌ಎಸ್‌ಟಿ ಎಂಬ ಹೆಸರನ್ನೇ ಲೇಬಲ್ಲಿಗೂ ಇಟ್ಟರು. ಮಿನಿಟ್‌ಮೆನ್, ಹಸ್ಕರ್ ಡೂ ರೆಕಾರ್ಡುಗಳು ಬಂದದ್ದು ಅಲ್ಲಿಂದಲೇ. 1981ರಲ್ಲಿ ಬ್ಲ್ಯಾಕ್ ಫ್ಲ್ಯಾಗ್‌ಗೆ ಹಾಡಲು ಸೇರಿದ ಹೆನ್ರಿ ರೋಲಿನ್ಸ್ ಅಲ್ಲಿಯವರೆಗೆ ಐಸ್‌ಕ್ರೀಮ್ ಅಂಗಡಿಯ ಮ್ಯಾನೇಜರ್. ಮಿನಿಯಾಪೊಲಿಸ್‌ನ ರಿಪ್ಲೇಸ್‌ಮೆಂಟ್ಸ್‌ನ ಪಾಲ್ ವೆಸ್ಟರ್‌ಬರ್ಗ್ ಕಚೇರಿ ಗುಡಿಸುವ ಕೆಲಸದಲ್ಲಿದ್ದರು. ಮನೆಗೆ ಹೋಗುವ ದಾರಿಯಲ್ಲಿ ಒಂದು ಮನೆಯಿಂದ ತಾಲೀಮಿನ ಸದ್ದು ಕೇಳಿ ಆ ತಂಡವನ್ನೇ ಸೇರಿಕೊಂಡರು.

ಈ ಬದುಕಿಗೆ ಶಿಸ್ತು ಎಂದರೇನೆಂದು ತೋರಿಸಿದವರು ವಾಷಿಂಗ್‌ಟನ್ ಡಿ.ಸಿ.ಯವರು. ಟೀನ್ ಐಡಲ್ಸ್ ಎಂಬ ಹೈಸ್ಕೂಲು ಹುಡುಗರ ತಂಡ ಒಡೆಯುವಾಗ ಕೂಡಿಟ್ಟ ದುಡ್ಡು 600 ಡಾಲರ್ ಇತ್ತು. ಹಂಚಿಕೊಳ್ಳುವ ಬದಲು ಅದರಲ್ಲಿ ಒಂದು ರೆಕಾರ್ಡು ಒತ್ತಿಸಿದರು. ಕವರುಗಳನ್ನು ತಾವೇ ಕತ್ತರಿಸಿ, ಮಡಿಸಿ, ಅಂಟಿಸಿದರು. 1980ರಲ್ಲಿ ಹೀಗೆ ಹುಟ್ಟಿದ ಡಿಸ್ಕಾರ್ಡ್ ಲೇಬಲ್ ಇಂದಿಗೂ ಇದೆ. ಆ ತಂಡದಲ್ಲಿದ್ದ ಇಯನ್ ಮೆಕೈ ಮುಂದೆ ಕಟ್ಟಿದ ಫುಗಾಜಿಯ ನಿಯಮಗಳು ಸರಳ: ಟಿಕೆಟ್ ಸಾಧ್ಯವಾದಷ್ಟೂ 5 ಡಾಲರ್, ಎಲ್ಲ ವಯಸ್ಸಿನವರಿಗೂ ಪ್ರವೇಶ, ಟೀ ಶರ್ಟ್ ಮಾರಾಟವಿಲ್ಲ. ಜನರ ಮೇಲೆ ಬೀಳುವ ಪುಂಡನಿಗೆ ಲಕೋಟೆಯಲ್ಲಿ ಅವನ 5 ಡಾಲರ್ ಹಾಕಿ ಕೊಟ್ಟು ಹೊರಗೆ ಕಳಿಸುತ್ತಿದ್ದರು. ‘ರಿಪೀಟರ್’ (1990) ಕೇಳಿ: ಗಿಟಾರುಗಳು ಎಷ್ಟೇ ಅಬ್ಬರಿಸಲಿ, ಥಟ್ಟನೆ ನಿಂತು ಬೇಸ್ ಒಂದನ್ನೇ ಬಿಡುವ ಜಾಗಗಳು ಎಷ್ಟು ಅಚ್ಚುಕಟ್ಟು. ಅಬ್ಬರವನ್ನು ಹಿಡಿದು ನಿಲ್ಲಿಸಲೂ ಬಲ್ಲವರ ಸಂಗೀತ ಅದು.

‘ದೊಡ್ಡ ಕಂಪನಿ ಸೇರಿದರೆ ನಷ್ಟವೇನು?’

ಆಲ್ಬಿನಿ 1993ರಲ್ಲಿ ‘ದ ಬ್ಯಾಫ್ಲರ್’ ಪತ್ರಿಕೆಗೆ ಬರೆದ ಲೇಖನದಲ್ಲಿ ಇದರ ಜಮಾಖರ್ಚು ಬಿಡಿಸಿಟ್ಟರು. ಒಂದು ಕಾಲ್ಪನಿಕ ತಂಡಕ್ಕೆ ಕಂಪನಿ ಎರಡೂವರೆ ಲಕ್ಷ ಡಾಲರ್ ಮುಂಗಡ ಕೊಡುತ್ತದೆ ಎನ್ನಿ. ಮ್ಯಾನೇಜರ್, ವಕೀಲ, ಸ್ಟುಡಿಯೋ, ವಿಡಿಯೋ, ಟೂರ್ ಎಂದು ಕಳೆಯುತ್ತ ಬಂದರೆ ಕೊನೆಗೆ ಉದ್ಯಮಕ್ಕೆ 30 ಲಕ್ಷ ಡಾಲರಿಗೂ ಮಿಕ್ಕಿ ಗಳಿಕೆ. ತಂಡದ ಹೆಸರಿನಲ್ಲಿ 14,000 ಡಾಲರ್ ರಾಯಲ್ಟಿ ಬಾಕಿ. ಒಬ್ಬೊಬ್ಬ ಕಲಾವಿದನಿಗೆ ಉಳಿಯುವುದು ಮೂಲೆ ಅಂಗಡಿಯಲ್ಲಿ ದುಡಿದಿದ್ದರೆ ಸಿಗುತ್ತಿದ್ದುದರ ಮೂರನೇ ಒಂದು ಪಾಲು.

ಆದರೂ ಹೋದವರನ್ನು ಹೀಗಳೆಯುವುದು ಸುಲಭದ ರಸಿಕತೆ. ಪುಟ್ಟ ಲೇಬಲ್ಲುಗಳೂ ಸಾಧುಗಳಾಗಿರಲಿಲ್ಲ: ರೆಕಾರ್ಡು ಅಂಗಡಿ ತಲುಪುತ್ತಿರಲಿಲ್ಲ, ಲೆಕ್ಕ ಸಕಾಲಕ್ಕೆ ಬರುತ್ತಿರಲಿಲ್ಲ. ‘ಝೆನ್ ಆರ್ಕೇಡ್’ಗೆ ಬೇಡಿಕೆ ಬಂದಾಗ ಸಾಕಷ್ಟು ಪ್ರತಿಗಳೇ ಇರಲಿಲ್ಲ. ಹಸ್ಕರ್ ಡೂ ದೊಡ್ಡ ಕಂಪನಿ ಸೇರಿ 1988ರ ಹೊತ್ತಿಗೆ ಒಡೆಯಿತು. ಆರ್.ಇ.ಎಮ್. 1988ರಲ್ಲಿ ವಾರ್ನರ್ ಸೇರಿಯೂ ತನ್ನ ಹಿಡಿತ ಬಿಡಲಿಲ್ಲ. 1991ರ ಸೆಪ್ಟೆಂಬರಿನಲ್ಲಿ ಬಂದ ನಿರ್ವಾನಾದ ‘ನೆವರ್‌ಮೈಂಡ್’ ಮರುವರ್ಷದ ಜನವರಿಯಲ್ಲಿ ಮೈಕಲ್ ಜಾಕ್ಸನ್‌ರ ‘ಡೇಂಜರಸ್’ ಅನ್ನು ಪಟ್ಟಿಯ ತುದಿಯಿಂದ ಇಳಿಸಿತು. ಅಲ್ಲಿಂದ ಮುಂದೆ ‘ಆಲ್ಟರ್ನೇಟಿವ್’ ಎಂಬ ಹಣೆಪಟ್ಟಿ ಹಚ್ಚಿ ಕಂಪನಿಗಳು ಸಿಕ್ಕ ತಂಡಕ್ಕೆಲ್ಲ ಕರಾರು ಹಿಡಿದು ಓಡಿದವು. ‘ಬ್ಲೀಚ್’, ‘ನೆವರ್‌ಮೈಂಡ್’, ‘ಇನ್ ಯೂಟರೋ’ ಮೂರನ್ನೂ ಸಾಲಾಗಿ ಕೇಳಿದರೆ ಬಡತನ, ಹೊಳಪು, ಹೊಳಪಿನ ಮೇಲಿನ ಸಿಟ್ಟು ಒಂದಾದ ಮೇಲೊಂದು ಬರುತ್ತವೆ. ಕೊಬೇನ್ 1994ರ ಏಪ್ರಿಲ್‌ನಲ್ಲಿ ಸತ್ತರು. ಆ ಸಾವಿನ ನೆರಳಿನಲ್ಲೇ ಎಲ್ಲ ಹಾಡನ್ನೂ ಕೇಳುವ ಚಟ ಬೇಡ. ಆ ಹಾಡುಗಳಲ್ಲಿ ತಮಾಷೆಯೂ ಬೇಕಾದಷ್ಟಿದೆ.

ಉಳಿದವರ ಮುಂದಿನ ಬದುಕೂ ತಿಳಿದಿರಲಿ. ಹಸ್ಕರ್ ಡೂನ ಮೀಸೆಯ ಬೇಸ್ ವಾದಕ ಗ್ರೆಗ್ ನಾರ್ಟನ್ ಬಾಣಸಿಗರಾಗಿ ಹೋಟೆಲು ನಡೆಸಿದರು. ‘ಬ್ಲೀಚ್’ಗೆ ದುಡ್ಡು ಕೊಟ್ಟ ಎವರ್‌ಮನ್ ಅಮೆರಿಕದ ಸೈನ್ಯ ಸೇರಿದರು. ಆರ್.ಇ.ಎಮ್.ನ ಡ್ರಮ್ಮರ್ ಬಿಲ್ ಬೆರ್ರಿ ವೇದಿಕೆಯ ಮೇಲೆಯೇ ಮಿದುಳಿನ ರಕ್ತಸ್ರಾವಕ್ಕೆ ತುತ್ತಾಗಿ ಚೇತರಿಸಿಕೊಂಡು, 1997ರಲ್ಲಿ ತಂಡ ಬಿಟ್ಟು ಬೇಸಾಯಕ್ಕೆ ಹೋದರು. ಬೂನ್ ಸತ್ತ ಮೇಲೆ ಸಂಗೀತವನ್ನೇ ಬಿಡುವ ಯೋಚನೆಯಲ್ಲಿದ್ದ ಮೈಕ್ ವಾಟ್‌ರನ್ನು, ಒಹಾಯೋದಿಂದ ಹುಡುಕಿಕೊಂಡು ಬಂದ ಎಡ್ ಕ್ರಾಫರ್ಡ್ ಎಂಬ ಅಭಿಮಾನಿ ಒಪ್ಪಿಸಿ ಫೈರ್‌ಹೋಸ್ ತಂಡ ಕಟ್ಟಿಸಿದರು. ಕಿಮ್ ಡೀಲ್ ಪಿಕ್ಸೀಸ್ ಬಿಟ್ಟು, ಬ್ರೀಡರ್ಸ್ ತಂಡ ನಡೆಸಿ, 2024ರಲ್ಲಿ ತಮ್ಮದೇ ಹೆಸರಿನಲ್ಲಿ ಆಲ್ಬಮ್ ತಂದರು.

ಕೇಳುವ ಕ್ರಮ

ಕಿವಿ ಹೊಂದಿಕೊಳ್ಳಲು ಈ ಸರದಿ ಹಿಡಿಯಬಹುದು: ‘ಮರ್ಮರ್’, ‘ಡೂಲಿಟ್ಲ್’, ‘ನೆವರ್‌ಮೈಂಡ್’, ‘ರಿಪೀಟರ್’, ‘ಡಬಲ್ ನಿಕಲ್ಸ್’, ‘ಡೇಡ್ರೀಮ್ ನೇಷನ್’, ‘ಝೆನ್ ಆರ್ಕೇಡ್’, ‘ಬೀ ಥೌಸಂಡ್’. ಕೊನೆಯದಾಗಿ ಡೇನಿಯಲ್ ಜಾನ್‌ಸ್ಟನ್. ಒಂದು ವಾರಕ್ಕೆ ಒಂದೇ ಆಲ್ಬಮ್ ಸಾಕು. ಮೊದಲ ಸಲ ಬೇರೆ ಕೆಲಸ ಮಾಡುತ್ತ ಕೇಳಿ. ಎರಡನೇ ಸಲ ಬೇಸ್ ಗಿಟಾರಿನ ಬೆನ್ನು ಹತ್ತಿ. ಮೂರನೇ ಸಲ ಸಾಹಿತ್ಯ ಎದುರಿಗಿಟ್ಟುಕೊಳ್ಳಿ. ಪ್ಲೇಲಿಸ್ಟಿನಲ್ಲಿ ಹಾಡುಗಳನ್ನು ಕಲಸಬೇಡಿ. ಯಾವ ಹಾಡಿನ ಹಿಂದೆ ಯಾವುದು ಬರಬೇಕೆಂದು ಇವರು ಜಗಳವಾಡಿ ನಿರ್ಧರಿಸಿದ್ದಾರೆ. ಮೂರು ಸಲವೂ ಹಿಡಿಸದಿದ್ದರೆ ಧಾರಾಳವಾಗಿ ಬಿಟ್ಟುಬಿಡಿ.

ಆಮೇಲೆ ನಿಮ್ಮೂರಿನ ತಂಡಗಳತ್ತ ಬನ್ನಿ. ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಿಂದ ಇಂಗ್ಲಿಷಿನಲ್ಲಿ ಈ ಊರಿನ ಬದುಕನ್ನೇ ಹಾಡುತ್ತ, ಜೊತೆಗೆ ಸಂಗೀತ ಶಾಲೆಯನ್ನೂ ನಡೆಸುತ್ತ ಬಂದಿದೆ. ಸ್ವರಾತ್ಮ ಕನ್ನಡವನ್ನೂ ಹಿಂದಿಯನ್ನೂ ರಾಕ್‌ಗೆ ತಂದಿದೆ. ಗಿಗ್‌ಗೆ ಹೋದಾಗ ಸ್ಪೀಕರಿನ ಎದುರಿಗೇ ನಿಲ್ಲದೆ ಮಿಕ್ಸರ್ ಮೇಜಿನ ಹತ್ತಿರ ನಿಲ್ಲಿ. ಸದ್ದು ಸರಿಯಾಗಿ ಕೂಡುವುದು ಅಲ್ಲಿ. ಕಿವಿಗೆ ಇಯರ್‌ಪ್ಲಗ್ ಇರಲಿ. ಮೊದಲು ನುಡಿಸುವ ಹೆಸರಿಲ್ಲದ ತಂಡಕ್ಕೂ ಹೊತ್ತಿಗೆ ಸರಿಯಾಗಿ ಹೋಗಿ. ಮುಗಿದ ಮೇಲೆ ರೆಕಾರ್ಡೋ ಟೀ ಶರ್ಟೋ ಮಾರಲು ಇಟ್ಟಿದ್ದರೆ ಒಂದು ಕೊಳ್ಳಿ. ಮುಖ್ಯವಾಗಿ, ಡ್ರಮ್ಮರ್ ನಿಮ್ಮ ಗೆಳೆಯನೇ ಆಗಿದ್ದರೂ ಪುಕ್ಕಟೆ ಪಾಸ್ ಕೇಳಬೇಡಿ. ಬಾಗಿಲಲ್ಲಿ ಟಿಕೆಟ್ ದುಡ್ಡು ಎಣಿಸಿ ಕೊಟ್ಟು ಒಳಗೆ ಹೋಗಿ. ಆ ರಾತ್ರಿಯ ವ್ಯಾನ್ ಬಾಡಿಗೆ ಹುಟ್ಟಬೇಕಾದ್ದು ಅದರಿಂದಲೇ.